ಬೂದಿಯಲ್ಲಿ ಒಂದು ರಾತ್ರಿ ಮಲಗಿದ ವೈಸ್

ಬೆಳಗಿನ ಐದೂವರೆ. ಟೈರ್ ಅಂಗಡಿಯ ಹಿಂದಿನ ಓಣಿಯ ತುದಿಯಲ್ಲಿರುವ ತಗಡಿನ ಶೆಡ್ಡಿನಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅರವತ್ತೆರಡರ ಹಿರಿಯರೊಬ್ಬರು ಡ್ರಮ್ಮಿನೊಳಗಿನ ಬೂದಿಗೆ ಮೊಣಕೈವರೆಗೂ ಕೈ ಇಳಿಸಿ, ಭಾರವಾದ ಕಬ್ಬಿಣದ ಮುದ್ದೆಯೊಂದನ್ನು ಮೇಲೆತ್ತುತ್ತಾರೆ. ಅದು ಹಳೆಯ ಬೆಂಚ್ ವೈಸಿನ ಒಡಲು. ಕೆಲಸದ ಮೇಜಿಗೆ ಬಿಗಿದು, ಎರಡು ದವಡೆಗಳ ನಡುವೆ ಕಬ್ಬಿಣವನ್ನು ಅಲುಗಾಡದಂತೆ ಹಿಡಿದಿಡುವ ಸಾಧನ. ಅರ, ಗರಗಸ ಹಿಡಿದು ಬದುಕುವವರಿಗೆ ಅದು ಮೂರನೇ ಕೈ.

ಅವರು ಬೂದಿ ಊದಿ, ಒಡಲನ್ನು ಸರಪಳಿಗೆ ತೂಗುಹಾಕಿ, ಹಿತ್ತಾಳೆಯ ಪುಟ್ಟ ಸುತ್ತಿಗೆಯಿಂದ ಒಂದೇಟು ಬಡಿಯುತ್ತಾರೆ. ಬಡಿದವರು ವೈಸನ್ನು ನೋಡುವುದಿಲ್ಲ, ಬಾಗಿಲ ಬಳಿ ಬೋರಲು ಹಾಕಿದ ಡಬ್ಬದ ಮೇಲೆ ಕುಳಿತ ಹೆಂಡತಿಯ ಮುಖ ನೋಡುತ್ತಾರೆ.

"ಏನಂತು?"

"ಇನ್ನೊಂದ್ಸಲ ಬಡೀರಿ."

ಬಡಿಯುತ್ತಾರೆ.

"ದಬ್ ಅಂತಿದೆ ರೀ. ಬಾಲ ಇಲ್ಲ."

"ಸರಿಯಾಗಿ ಕೇಳಿಸ್ಕೊಂಡ್ಯಾ?"

"ನನ್ನ ಕಿವಿ ಚೆನ್ನಾಗೇ ಇದೆ. ಅದಕ್ಕೇ ಅಲ್ವಾ ಈ ಪಾಡು."

'ಬಾಲ' ಎಂಬುದು ಗಂಡ ಹೆಂಡಿರ ನಡುವಿನ ಮಾತು. ಗಟ್ಟಿ ಬೀಡುಕಬ್ಬಿಣಕ್ಕೆ ಬಡಿದರೆ ನಾದ ಒಂದಿಷ್ಟು ದೂರ ಹೋಗಿ ಮಾಯವಾಗುತ್ತದೆ. ಒಳಗೆ ಬಿರುಕಿದ್ದರೆ, ಒಡಕು ಮಡಕೆ ಬಡಿದಂತೆ, ಅಲ್ಲೇ ಸತ್ತುಹೋಗುತ್ತದೆ. ಇದೀಗ ಸತ್ತಿದೆ. ಹತ್ತು ಗಂಟೆಗೆ ಇದನ್ನು ಕೊಂಡೊಯ್ಯಲು ಜನ ಬರುತ್ತಾರೆ.

ಸುತ್ತಮುತ್ತಲವರಿಗೆ ಇವರು 'ವೈಸಣ್ಣ'. ನಲವತ್ತೊಂದು ವರ್ಷಗಳಿಂದ ಮಾಡುತ್ತಿರುವುದು ಇದೊಂದೇ ಕೆಲಸ. ತುಕ್ಕು ಹಿಡಿದು ಕಚ್ಚಿಕೊಂಡ ವೈಸನ್ನು ಮೂರು ದಿನ ಸೀಮೆಎಣ್ಣೆಯಲ್ಲಿ ನೆನೆಸುತ್ತಾರೆ. ತಂತಿ ಬ್ರಷ್‌ನಿಂದ ತಿಕ್ಕಿ ತಿಕ್ಕಿ ಮೂಲ ಮೈ ಕಾಣುವಂತೆ ಮಾಡುತ್ತಾರೆ. ಸವೆದ ನಟ್ಟಿನ ಬದಲು ಹೊಸದನ್ನು ಕಡೆದು ಕೂರಿಸುತ್ತಾರೆ, ದವಡೆಗೆ ಹೊಸ ಪಟ್ಟಿ ಹಾಕುತ್ತಾರೆ, ಬಿರುಕಿದ್ದರೆ ಕೆಂಪಗೆ ಕಾಯಿಸಿ ಹಿತ್ತಾಳೆಯ ಬೆಸುಗೆ ಹಾಕುತ್ತಾರೆ. ಒಂದು ಕಾಲಕ್ಕೆ ವಾರಕ್ಕೆ ಎಂಟು ಬರುತ್ತಿದ್ದವು. ಕಳೆದ ತಿಂಗಳು ಬಂದದ್ದು ಎರಡು. "ಈಗಿನ ವೈಸು ಬಿಸ್ಕತ್ತು ಇದ್ದ ಹಾಗೆ. ಮುರೀತು ಅಂದ್ರೆ ಇನ್ನೊಂದು ತರ್ತಾರೆ. ಅವರದ್ದೇನೂ ತಪ್ಪಿಲ್ಲ ಬಿಡಿ, ನನ್ನ ಹತ್ರ ಹತ್ತು ದಿನ ಕಾಯೋ ಪುರುಸೊತ್ತು ಯಾರಿಗಿದೆ?"

ಅಷ್ಟು ವರ್ಷ ಕಬ್ಬಿಣ ಬಡಿದದ್ದಕ್ಕೆ ಕಬ್ಬಿಣವೂ ಕಿವಿಯನ್ನು ಬಡಿದಿದೆ. ಎದುರು ಕುಳಿತು ಗಟ್ಟಿಯಾಗಿ ಆಡಿದ ಮಾತು ಕೇಳುತ್ತದೆ, ಸಣ್ಣ ನಾದ ಕೇಳುವುದಿಲ್ಲ. ಅದು ಅವರಿಗೆ ತಿಳಿಯುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಮೂರು ವರ್ಷದ ಹಿಂದೆ, ಸರಿಯಿದೆ ಎಂದು ಕೊಟ್ಟ ವೈಸಿನ ದವಡೆ ಪೈಪ್ ಫಿಟ್ಟರ್ ಒಬ್ಬರ ಕಾಲ ಮೇಲೆ ಕಳಚಿ ಬಿತ್ತು. ಕಾಲಿನ ಎರಡು ಬೆರಳು ಹೋದವು. "ಬೈದಿದ್ರೆ ಚೆನ್ನಾಗಿತ್ತು. ಬೈಲೇ ಇಲ್ಲ ಪುಣ್ಯಾತ್ಮ. ಈಗ್ಲೂ ರಸ್ತೇಲಿ ಸಿಕ್ಕಿದ್ರೆ ಆರಾಮಾ ಅಂತ ಕೇಳ್ತಾರೆ. ನಾನು ಅವರ ಚಪ್ಪಲಿ ನೋಡ್ತಾ ನಿಂತಿರ್ತೀನಿ."

ಅಂದಿನಿಂದ ಕಿವಿಯ ಕೆಲಸ ಹೆಂಡತಿಯದು. ಆಕೆ ಹೇಳದೆ ಯಾವ ವೈಸೂ ಶೆಡ್ಡಿನಿಂದ ಹೊರಬೀಳುವುದಿಲ್ಲ. "ಮನೇಲಿ ಕೂಗಿದ್ರೆ ಕೇಳಲ್ಲ ಅಂತ ಇವರ ಕಿವೀನ ದೂರೋ ಹಾಗಿಲ್ಲ," ಎಂದು ಆಕೆ ನಗುತ್ತಾರೆ. "ಅದು ಮದುವೆಯಾದಾಗಿನಿಂದ್ಲೂ ಹಾಗೇ."

ನಗುವುದಕ್ಕೆ ಈ ಬೆಳಗ್ಗೆ ಅಷ್ಟೇ ಇರುವುದು. ಶೆಡ್ಡಿನ ಮಾಲೀಕರಾದ ಟೈರ್ ಅಂಗಡಿಯವರಿಗೆ ಗೋದಾಮಿಗೆ ಜಾಗ ಬೇಕಾಗಿದೆ. ತಿಂಗಳ ಕೊನೆಗೆ ಶೆಡ್ಡು ಬಿಡಿ ಎಂದಿದ್ದಾರೆ. ವರ್ಷವಿಡೀ ಕೆಲಸ ಇದೆ ಎಂದು ತೋರಿಸಿದರೆ ಮಾತ್ರ ಉಳಿಸುತ್ತಾರಂತೆ. ಆ ಕೆಲಸ ಬರಬೇಕಿದ್ದದ್ದು ಊರಿನ ಕೈಗಾರಿಕಾ ತರಬೇತಿ ಶಾಲೆಯಿಂದ. ಅಲ್ಲಿ ಮೂವತ್ತೆರಡು ಹಳೆಯ ವೈಸ್‌ಗಳನ್ನು ಗುಜರಿಗೆ ಹಾಕಲು ಹೊರಟಿದ್ದರು. ವೈಸಣ್ಣ ಹೋಗಿ ಕೈಮುಗಿದು ಕೇಳಿದರು. ಗಂಡ ಹೆಂಡತಿ ಒಂದು ಮಧ್ಯಾಹ್ನವಿಡೀ ಒಂದೊಂದನ್ನೂ ಬಡಿದು ನೋಡಿದರು. ಮೂವತ್ತೊಂದಕ್ಕೆ ಬಾಲ ಇತ್ತು. ಹದಿನಾಲ್ಕಕ್ಕೆ ಬರೀ ತುಕ್ಕು, ಒಂಬತ್ತಕ್ಕೆ ನಟ್ಟು, ಎಂಟಕ್ಕೆ ದವಡೆಯ ಪಟ್ಟಿ. ಅಲ್ಲಿನ ಸಾಹೇಬರು ಆರಿಸಿ ಕೊಟ್ಟದ್ದು ಮಾತ್ರ ಉಳಿದ ಆ ಒಂದನ್ನೇ, ಬುಡದಲ್ಲಿ ಬಿರುಕು ಬಿಟ್ಟಿದ್ದನ್ನು. ಇದು ದುರಸ್ತಿಯಾದರೆ ಎಲ್ಲವೂ ನಿಮಗೆ, ಆಗದಿದ್ದರೆ ಗುಜರಿ ಲಾರಿಗೆ ಎಂದರು. ಶುಕ್ರವಾರ, ಅಂದರೆ ಇವತ್ತು, ಹತ್ತು ಗಂಟೆಯವರೆಗೆ ಸಮಯ.

ಬೆಸುಗೆ ಚೆನ್ನಾಗಿಯೇ ಕೂತಿತ್ತು. ಕಾದ ಬೀಡುಕಬ್ಬಿಣಕ್ಕೆ ತಣ್ಣನೆಯ ಗಾಳಿ ಸೋಕಬಾರದು, ಸೋಕಿದರೆ ಒಳಗೇ ಬಿರುಕು ಬಿಡುತ್ತದೆ. ಜ್ವರದ ಮಗುವಿಗೆ ಹೊದಿಸುವಂತೆ ಬೂದಿ ಹೊದಿಸಿ, ತಾನಾಗಿ ಆರುವವರೆಗೆ ಮುಟ್ಟದೆ ಬಿಡಬೇಕು. ನಿನ್ನೆ ಊಟವಾದ ಮೇಲೆ ವೈಸಣ್ಣ ಮುಚ್ಚಳ ತೆಗೆದು, ಬೂದಿ ಸರಿಸಿ ನೋಡಿದರು. ಒಂದೇ ಒಂದು ನಿಮಿಷ. "ಮನಸ್ಸು ತಡೀಲಿಲ್ಲ. ಕಲಿಯೋಕೆ ಬಂದವರು ಹೀಗೆ ಮಾಡಿದ್ದಕ್ಕೆ ಎಷ್ಟು ಜನರಿಗೆ ಬೈದಿದೀನಿ ನಾನು! ಗೊತ್ತಿದ್ದೂ ಗೊತ್ತಿದ್ದೂ ಮಾಡಿದೆ." ಕೈಯಲ್ಲಿರುವ ಬೂದಿ ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತಾರೆ. ಬಟ್ಟೆ ಅವರ ಹೆಗಲ ಮೇಲೆಯೇ ಇದೆ.

ಹತ್ತಕ್ಕೆ ಸರಿಯಾಗಿ ಶಾಲೆಯ ಸ್ಟೋರ್‌ಕೀಪರ್ ಸ್ಕೂಟರಿನಲ್ಲಿ ಬರುತ್ತಾರೆ.

"ಅಣ್ಣಾ, ರೆಡಿನಾ?"

"ಇಲ್ಲಪ್ಪ. ಬಿರುಕು ಬಿಟ್ಟಿದೆ."

ಸ್ಟೋರ್‌ಕೀಪರ್ ಬಗ್ಗಿ, ಕಣ್ಣು ಕಿರಿದು ಮಾಡಿ ಹುಡುಕುತ್ತಾರೆ. "ಎಲ್ಲಿ? ಕೂದಲೆಳೆಯಷ್ಟೂ ಕಾಣಲ್ವಲ್ಲ! ಮೇಲೊಂದು ಹಸಿರು ಪೇಂಟ್ ಎಳೀರಿ ಅಣ್ಣಾ. ಸಾಹೇಬ್ರು ಹಿಡಿಕೆ ಎರಡು ಸುತ್ತು ತಿರುಗಿಸ್ತಾರೆ, ಭೇಷ್ ಅಂತಾರೆ, ಚಹಾ ಕುಡೀತಾರೆ. ಮುಗೀತು."

ವೈಸಣ್ಣ ಹೆಂಡತಿಯತ್ತ ತಿರುಗುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ, ಬರೀ ಸುಸ್ತು. "ನೀನು ಬಾಯಿ ಬಿಡದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ನೋಡು."

"ನಾನೂ ಅದನ್ನೇ ಯೋಚಿಸ್ದೆ," ಎನ್ನುತ್ತಾರೆ ಆಕೆ. "ಬೆಳಗ್ಗೆ ಎರಡನೇ ಸಲ ಬಡೀರಿ ಅಂದಿದ್ದು ಕೇಳಿಸ್ಕೊಳ್ಳೋಕಲ್ಲ. ಸುಳ್ಳು ಹೇಳ್ಲಾ ಅಂತ ಯೋಚ್ನೆ ಮಾಡೋಕೆ."

"ಮತ್ತೆ?"

"ಆ ಫಿಟ್ಟರ್ ಚಪ್ಪಲಿ ನಾನೂ ನೋಡಿದೀನಲ್ಲ."

ಸ್ಟೋರ್‌ಕೀಪರ್ ನಿಟ್ಟುಸಿರು ಬಿಟ್ಟು ಜೇಬಿನಿಂದ ಇನ್ನೊಂದು ಕಾಗದ ತೆಗೆಯುತ್ತಾರೆ. ಗುಜರಿಗೆ ಹಾಕಬೇಕಾದರೆ ಬಲ್ಲವರೊಬ್ಬರ ಸಹಿ ಬೇಕು. 'ಮೂವತ್ತೆರಡು ಬೆಂಚ್ ವೈಸ್‌ಗಳನ್ನು ಪರೀಕ್ಷಿಸಿದ್ದು, ಅವು ದುರಸ್ತಿಗೆ ಯೋಗ್ಯವಾಗಿರುವುದಿಲ್ಲ' ಎಂದು ಟೈಪಾಗಿದೆ.

"ಸಹಿ ಹಾಕ್ಬಿಡಿ ಅಣ್ಣಾ. ಹೇಗಿದ್ರೂ ಹೋಗೋವೇ."

ವೈಸಣ್ಣ ಕನ್ನಡಕ ಹಾಕಿಕೊಂಡು ಎರಡು ಸಲ ಓದುತ್ತಾರೆ. ಪೆನ್ನು ಕೇಳಿ ಪಡೆಯುತ್ತಾರೆ. 'ಮೂವತ್ತೆರಡು' ಎಂಬುದನ್ನು ಹೊಡೆದುಹಾಕಿ, ಮೇಲೆ 'ಒಂದು' ಎಂದು ಬರೆದು, ಕೆಳಗೆ ಸಹಿ ಹಾಕುತ್ತಾರೆ.

"ಅಯ್ಯೋ, ಏನ್ ಮಾಡಿದ್ರಿ ಅಣ್ಣಾ! ತಿದ್ದಿದ ಕಾಗದ ನಡೆಯಲ್ಲ."

"ನಡೀದಿದ್ರೆ ಬಿಡು. ನನಗೆ ಗೊತ್ತಿರೋದು ಅಷ್ಟೇ."

ಮಧ್ಯಾಹ್ನ ಸ್ಟೋರ್‌ಕೀಪರ್ ಫೋನು ಮಾಡುತ್ತಾರೆ. ಹೆಂಡತಿ ಕೇಳಿಸಿಕೊಂಡು ಗಟ್ಟಿಯಾಗಿ ಗಂಡನಿಗೆ ದಾಟಿಸುತ್ತಾರೆ. ಹೊಸ ಕಾಗದಕ್ಕೆ ಬೇರೊಂದು ವರ್ಕ್‌ಶಾಪಿನವರು ಸಹಿ ಹಾಕಿದ್ದಾರೆ, ವೈಸ್‌ಗಳನ್ನು ನೋಡಲೂ ಹೋಗದೆ. ಲಾರಿ ತುಂಬಿ ಹೊರಟಾಗಿದೆ. ಟೈರ್ ಅಂಗಡಿಯವರಿಗೆ ಹೇಳಲು ಇನ್ನು ಏನೂ ಉಳಿದಿಲ್ಲ. ಆಕೆ ಗೋಡೆಯ ಅರಗಳನ್ನು ಒಂದೊಂದಾಗಿ ಇಳಿಸಿ ಗೋಣಿಚೀಲಕ್ಕೆ ಹಾಕತೊಡಗುತ್ತಾರೆ. ವೈಸಣ್ಣ ತಡೆಯುವುದಿಲ್ಲ, ಏಳುವುದೂ ಇಲ್ಲ.

ಕೊನೆಗೆ ಕೂತಲ್ಲಿಂದಲೇ ಹೇಳುತ್ತಾರೆ.

"ಹೋಗ್ಲಿ ಬಿಡಿ. ತಡೆಯೋಕೆ ನನ್ನ ಕೈಲಾಗ್ಲಿಲ್ಲ. ಆದ್ರೆ ಮೂವತ್ತೊಂದು ಚೆನ್ನಾಗಿದ್ವು. ಕೆಟ್ಟಿದ್ದು ಒಂದೇ, ಅದನ್ನೂ ಕೆಡಿಸಿದ್ದು ನಾನು. ಉಳಿದವು ಕೆಟ್ಟಿವೆ ಅಂತ ನನ್ನ ಕೈಲಿ ಮಾತ್ರ ಯಾರೂ ಬರೆಸ್ಕೊಂಡಿಲ್ಲ."