ಉಣ್ಣೆ ಕತ್ತರಿಸುವವರ ಮನೆಯಲ್ಲೇ ಉಣ್ಣೆಯಿಲ್ಲ

ಹರಿಹರದ ಆಚೆ, ತುಂಗಭದ್ರೆಯ ದಡದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಾರಥಿ ಎಂಬ ಊರಿನ ಮಾಳಿಂಗಪ್ಪನವರು ಮೊಣಕಾಲುದ್ದ ನೀರಿನಲ್ಲಿ ನಿಂತು ಮುದಿ ಕರಿ ಕುರಿಯೊಂದನ್ನು ತಿಕ್ಕಿ ತೊಳೆಯುತ್ತಿದ್ದಾರೆ. ಕುರಿಗೆ ಈ ಸ್ನಾನ ಒಂದಿಷ್ಟೂ ಬೇಕಿಲ್ಲ. ಅರಚುತ್ತದೆ, ಒದೆಯುತ್ತದೆ, ದಡದಲ್ಲಿರುವ ನನ್ನ ಪ್ಯಾಂಟಿಗೂ ನೀರು ಹಾರಿಸುತ್ತದೆ. "ಇನ್ನೊಂದ್ ಚೂರು ತಡ್ಕಳವ್ವ," ಎಂದು ಅವರು ಹೆತ್ತಮ್ಮನನ್ನು ರಮಿಸುವ ಹಾಗೆ ರಮಿಸುತ್ತಾರೆ. ಮೈಯ ಮಣ್ಣು ಹೋಗದಿದ್ದರೆ ಕತ್ತರಿ ಮೊಂಡಾಗುತ್ತದೆ.

ಮಾಳಿಂಗಪ್ಪನವರದು ಕುರಿಯ ಉಣ್ಣೆ ಕತ್ತರಿಸುವ ಕೆಲಸ. ಅಪ್ಪನ ಕಾಲದಿಂದಲೂ ಅದೇ. ಮಾಯಕೊಂಡದ ತನಕ ಯಾವ ಹಟ್ಟಿಗೆ ಹೋದರೂ ಇವರಿಗೆ ಮೊದಲು ಮಜ್ಜಿಗೆ, ಆಮೇಲೆ ಕೆಲಸ. ಈಗ ಕರೆಯುವವರು ವಿರಳ. ಕರೆದರೂ ಕುರಿಗೆ ಸೆಖೆ ಆಗದಿರಲಿ ಎಂದಷ್ಟೇ. ಕತ್ತರಿಸಿದ ಉಣ್ಣೆಯನ್ನು ಯಾರು ಕೊಳ್ಳುತ್ತಾರೆ ಎಂದು ಕೇಳುತ್ತೇನೆ.

"ಯಾರು ತಗಂತಾರ್ರಿ? ತಿಪ್ಪಿಗೆ ಹಾಕ್ತಾರೆ. ನನ್ನ ಕಣ್ ಮುಂದೇನೇ ಸುರೀತಾರೆ. ಹೊಟ್ಟಿ ಉರಿತೈತೆ."

ಆ ಉರಿಯಲ್ಲೇ ಅವರು ಒಂದು ಎಡವಟ್ಟು ಮಾಡಿಕೊಂಡಿದ್ದಾರೆ. ಕೆಲವು ವರ್ಷಗಳ ಹಿಂದೆ ದಾವಣಗೆರೆ ಸಂತೆಯಲ್ಲಿ ಕುರಿ ವ್ಯಾಪಾರಿ ಲಾಲ್ ಸಾಬ್ ಅವರಿಂದ ಒಂದು ಕೆಂಪು ಟಗರು ತಂದು ತಮ್ಮ ಕರಿ ಹಿಂಡಿಗೆ ಬಿಟ್ಟರು. ಆ ತಳಿಗೆ ಉಣ್ಣೆಯಿಲ್ಲ, ಆಡಿಗಿರುವಂತೆ ಬರೀ ಕೂದಲು. ಆದರೆ ಮೈ ಚೆನ್ನಾಗಿ ತುಂಬುತ್ತದೆ, ಮಾಂಸಕ್ಕೆ ಬೇಡಿಕೆ. ಲಾಲ್ ಸಾಬ್ ಆಗಲೇ ಎಚ್ಚರಿಸಿದ್ದರಂತೆ: "ಮಾಳಿಂಗಪ್ಪ, ನಿಂಗೆ ಇದು ಬ್ಯಾಡ. ಕತ್ರಿ ಹಿಡಿಯೋನು ನೀನು." ಇವರು ಕೇಳಲಿಲ್ಲ. ಮೊದಲ ಮರಿಗಳ ಮೈಮೇಲೆ ಅಲ್ಲಲ್ಲಿ ಉಣ್ಣೆ ಇತ್ತು. ಆ ಮರಿಗಳ ಮರಿಗಳಲ್ಲಿ ಅದೂ ಹೋಯಿತು. ಹಳೆಯ ಕರಿ ಕುರಿಗಳೂ ಒಂದೊಂದಾಗಿ ತೀರಿದವು. ಈಗ ಹಟ್ಟಿಯಲ್ಲಿ ಉಣ್ಣೆಯಿರುವುದು ಈ ಮುದಿ ಕುರಿಗೆ ಮತ್ತು ಅದರ ಒಬ್ಬಳು ಮಗಳಿಗೆ ಮಾತ್ರ. ಅಂಜಿನವ್ವ, ಮಾಳಿಂಗಪ್ಪನವರ ಹೆಂಡತಿ, ಇದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: "ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತಾರಲ್ರಿ, ಹಂಗಾತು ನಮ್ದು."

ವಿಷಯ ಇಷ್ಟಕ್ಕೇ ನಿಲ್ಲುವುದಿಲ್ಲ. ಮಗಳು ಆಶಾಳ ಮದುವೆ ಗೊತ್ತಾಗಿದೆ. ಇವರ ಮನೆತನದಲ್ಲಿ ಮದುಮಕ್ಕಳು ಕೂರುವುದು ಕರಿ ಕಂಬಳಿಯ ಗದ್ದಿಗೆಯ ಮೇಲೆ. ಬಣ್ಣ ಹಾಕಿದ್ದಲ್ಲ, ಹುಟ್ಟಾ ಕರಿಯದು, ಅದೂ ಹೆಣ್ಣಿನ ತವರಿನ ಹಿಂಡಿನದೇ ಆಗಬೇಕು. ಅಂಜಿನವ್ವ ಕೂತಿದ್ದೂ ಅಂಥದ್ದರ ಮೇಲೆಯೇ. ಊರೂರಿನ ಕುರಿಗಳಿಗೆ ಕತ್ತರಿ ಹಾಕಿದವರಿಗೆ ಸ್ವಂತ ಮಗಳ ಗದ್ದಿಗೆಗೆ ಉಣ್ಣೆ ಸಾಲುತ್ತಿಲ್ಲ.

ಬಿಸಿಲಿಗೆ ಮೈ ಒಣಗಿದ ಮೇಲೆ ಹಟ್ಟಿಯಲ್ಲಿ ಕುರಿಯ ಕಾಲು ಕಟ್ಟಿ ಮಲಗಿಸುತ್ತಾರೆ. ಎಡಗೈ ಚರ್ಮವನ್ನು ಬಿಗಿಹಿಡಿಯುತ್ತದೆ, ಬಲಗೈಯ ಕತ್ತರಿ ಅದಕ್ಕೆ ತಾಗಿಕೊಂಡೇ ಸಾಗುತ್ತದೆ. ಮುದಿ ಚರ್ಮ ಹಾಳೆಯಷ್ಟು ತೆಳುವಾಗಿದೆ. ಒಂದು ಕಡೆ ಸಣ್ಣಗೆ ಗಾಯವಾದಾಗ ಕತ್ತರಿ ಕೆಳಗಿಟ್ಟು ಅರಿಶಿನ ಒತ್ತುತ್ತಾರೆ. "ಇದರ ಬೆನ್ ಮ್ಯಾಲೆ ಮೊದ್ಲು ಕೈ ಮುಳುಗ್ತಿತ್ರಿ," ಎನ್ನುತ್ತಾರೆ. ಈಗ ಉದುರಿದ ಉಣ್ಣೆಯೆಲ್ಲ ಅಂಜಿನವ್ವನ ಒಂದು ಮಡಿಲಿನಷ್ಟೇ ಇದೆ.

ಅಂಜಿನವ್ವ ಅದನ್ನು ಕೈಯಲ್ಲೇ ತೂಗಿ ನೋಡುತ್ತಾರೆ. "ಹಿಂದಿನ್ ಸಲದ್ದೂ, ಇದರ ಮಗಳ್ದೂ ಸೇರ್ಸಿದ್ರೆ ಅರ್ಧ ಕಂಬ್ಳಿ ಆದೀತು. ಉಳಿದಿದ್ದು ಪ್ಯಾಟಿಯಿಂದ ತರಾಣ. ನೂತ್ ಮ್ಯಾಲೆ ಯಾರಿಗ್ ಗೊತ್ತಾಗ್ತೈತೆ?"

ಮಾಳಿಂಗಪ್ಪನವರು ಕುರಿಯ ಕಾಲು ಬಿಚ್ಚುತ್ತಾರೆ. ಬೋಳಾದ ಕುರಿ ಎದ್ದು, ತನ್ನ ಕೆಂಪು ಮೊಮ್ಮಕ್ಕಳ ನಡುವೆ ಹೋಗಿ ನಿಲ್ಲುತ್ತದೆ.

"ಪ್ಯಾಟಿದು ಬ್ಯಾಡ," ಎನ್ನುತ್ತಾರೆ ಅವರು. "ಎಷ್ಟ್ ಆಗ್ತೈತೋ ಅಷ್ಟೇ ನೇಯ್ಸು. ಅದರ್ ಮ್ಯಾಲೆ ಮಗಳು ಕೂಡ್ಲಿ. ಅಳಿಯ ಚಾಪಿ ಮ್ಯಾಲೆ ಕೂಡ್ಲಿ. ಯಾಕ ಹಿಂಗೆ ಅಂತ ಬೀಗ್ರು ಕೇಳಿದ್ರೆ, ತಪ್ಪು ನಂದು ಅಂತ ಚಪ್ಪರದಾಗ ನಿಂತು ನಾನೇ ಹೇಳ್ತೀನಿ."