ಮಗಳ ಗುರುತಿನ ಒಂಬತ್ತು ಕುರಿ

ಮಕ್ಕಳು ಮನೆ ಬಿಟ್ಟ ಮೇಲೆ ಖರ್ಚು ಕಮ್ಮಿಯಾಗುತ್ತದೆ ಎಂದು ನನಗೆ ಯಾರು ಹೇಳಿದ್ದರೋ, ಅವರು ಸಿಕ್ಕರೆ ನಾಲ್ಕು ಮಾತು ಬಯ್ಯಬೇಕೆಂದಿದ್ದೇನೆ. ಅಕ್ಕಿ, ರಾಗಿ ಕಮ್ಮಿಯಾದವು, ನಿಜ. ಆದರೆ ಕರೆಂಟು, ಸಿಲಿಂಡರು, ನನ್ನ ಬಿಪಿ ಮಾತ್ರೆ, ನನ್ನ ಹೆಂಡತಿಯ ಮಂಡಿನೋವು, ಯಾವುದೂ ಮಕ್ಕಳ ಹಿಂದೆ ಹೋಗಲಿಲ್ಲ. ದೊಡ್ಡವಳು ಮಗಳು, ಅವಳನ್ನು ಮತ್ತೋಡಿಗೆ ಕೊಟ್ಟಿದ್ದೆವು. ಮಗ ಹೊಳಲ್ಕೆರೆಯ ಬೈಕ್ ಷೋರೂಮಿನಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ ಅಲ್ಲೇ ಬಾಡಿಗೆ ಮನೆ ಮಾಡಿದ. ಹಿರಿಯೂರಿನಲ್ಲಿ ನಾವಿಬ್ಬರೇ ಉಳಿದೆವು.

ನಾನು ಶಾಲೆಯೊಂದರ ಬಸ್ ಓಡಿಸುತ್ತಿದ್ದೆ. ಅರವತ್ತು ತುಂಬಿದ ತಿಂಗಳು, ಇನ್ನು ನಿಮಗೆ ಬಸ್ಸು ಕೊಡುವುದಿಲ್ಲ ಎಂದರು. ಪೆನ್ಷನ್ ಇಲ್ಲದ ಕೆಲಸ ಅದು. ಅವತ್ತು ಹಿಡಿದ ಭಯ ಬಿಡಲೇ ಇಲ್ಲ. ಹೆಂಡತಿ ಎರಡು ಸಲ ಕೆಮ್ಮಿದರೆ ಸಾಕು, ಆಸ್ಪತ್ರೆಯ ಬಿಲ್ಲು ಕಣ್ಣ ಮುಂದೆ ಬರುತ್ತಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಇತ್ತು.

ನಮಗಿದ್ದ ಒಂದೇ ಗಂಟು ಕುರಿ. ನಮ್ಮದು ಕುರಿಯವರ ಮನೆ. ನಾನು ಡ್ರೈವರ್ ಆದರೂ ಜವನಗೊಂಡನಹಳ್ಳಿಯ ಹತ್ತಿರ ಅಣ್ಣನ ಮಂದೆಯಲ್ಲಿ ನಮ್ಮ ಕುರಿಗಳೂ ಮೇಯುತ್ತಿದ್ದವು. ಸಾಕಿದ್ದಕ್ಕೆ ಹುಟ್ಟಿದ ಮರಿಗಳಲ್ಲಿ ಅರ್ಧ ಅವನಿಗೆ. ನಮ್ಮ ಮನೆತನದಲ್ಲಿ ಮಗು ಹುಟ್ಟಿದ ವರ್ಷ ಅದರ ಹೆಸರಿಗೆ ಒಂದು ಹೆಣ್ಣು ಮರಿ ಬಿಟ್ಟು ಕಿವಿಗೆ ಗುರುತು ಕೊಯ್ಯುತ್ತೇವೆ. ಅದರ ಮರಿಗಳಿಗೂ, ಆ ಮರಿಗಳ ಮರಿಗಳಿಗೂ ಅದೇ ಗುರುತು. ಅಣ್ಣನ ಪಾಲು ಬಿಟ್ಟು ಉಳಿದವೆಲ್ಲ ಆ ಮಗುವಿನ ಸೊತ್ತು. ಮಗಳವಕ್ಕೆ ಎಡಗಿವಿ ಕೊಯ್ದಿತ್ತು, ಮಗನವಕ್ಕೆ ಬಲಗಿವಿ. ಇದಕ್ಕೆ ಕಾಗದವಿಲ್ಲ, ಪತ್ರವಿಲ್ಲ, ಎಲ್ಲ ಮಾತಿನ ಮೇಲೆ. ಗುರುತಿಲ್ಲದ ನನ್ನ ಸ್ವಂತದವು ಮಗಳ ಮದುವೆಗೂ ಮಗನ ಡಿಪ್ಲೊಮಾಕ್ಕೂ ಆಗಲೇ ಕರಗಿದ್ದವು. ಇನ್ನು ಮಕ್ಕಳವನ್ನೇ ಮಾರುತ್ತೇನೆ ಎಂದೆ.

"ಮಕ್ಳಿಗೆ ಒಂದು ಫೋನ್ ಮಾಡಿ ಕೇಳ್ರಿ," ಎಂದಳು ಹೆಂಡತಿ. "ಬ್ಯಾಡ ಅನ್ನಲ್ಲ ಅವು."

"ಕೇಳಿದ್ರೆ ಅಪ್ಪನ ಕೈ ಖಾಲಿ ಐತೆ ಅಂತ ಗೊತ್ತಾಗ್ತೈತೆ."

"ಗೊತ್ತಾಗ್ಲಿ ಬಿಡ್ರಿ. ಹೊರಗಿನೋರಾ?"

ನಾನು ರೇಗಿದೆ. ಹೆದರಿದಾಗಲೆಲ್ಲ ರೇಗುವುದು ನನ್ನ ಹುಟ್ಟುಗುಣ. ಮಾರನೆಯ ದಿನ ಬೆಳಿಗ್ಗೆಯೇ ಅಣ್ಣನ ಕುರಿರೊಪ್ಪದ ಮುಂದೆ ನಿಂತಿದ್ದೆ.

"ಯಾರವು ಹಿಡೀಲಿ?" ಎಂದು ಅಣ್ಣ ಕೇಳಿದ.

"ಎಡಗಿವೀವು."

"ಮಗಳನ್ನ ಕೇಳಿದ್ಯೇನ್ಲೇ?"

ಹೂಂ ಎಂದೆ. ಅಣ್ಣ ಪಂಚೆ ಎತ್ತಿ ಕಟ್ಟಿದ. ಆಮೇಲೆ, "ಆಯ್ತು ಬಿಡು, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ," ಎಂದು ಒಳಗಿಳಿದ. ಆ ಗಾದೆ ನನಗೆ ಆಗ ಬಹಳ ಹಿತವಾಯಿತು. ಸಂತೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ನೆನೆಸಿಕೊಂಡೆ. ಮಗಳ ಒಂಬತ್ತು ಕುರಿಗಳೂ ಮಧ್ಯಾಹ್ನದೊಳಗೆ ಮಾರಾಟವಾದವು.

ಹಣವನ್ನು ಅಂಚೆ ಕಚೇರಿಯಲ್ಲಿಟ್ಟು ತಿಂಗಳ ಬಡ್ಡಿ ಬರುವಂತೆ ಮಾಡಿದೆ. ಅದರಿಂದ ಮಾತ್ರೆಯೂ ಸಿಲಿಂಡರೂ ಬಂದವು, ಧೈರ್ಯ ಬರಲಿಲ್ಲ. ಮೊದಲು ಬಡತನದ ಭಯವಿತ್ತು, ಈಗ ಮಗಳ ಭಯವೂ ಸೇರಿತು. ಅವಳ ಫೋನು ಬಂದರೆ ಹೆಂಡತಿಯ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಅಲ್ಲಿ ನಿಂತು ಒಳಗಿನ ಮಾತಿಗೆ ಕಿವಿಗೊಡುತ್ತಿದ್ದೆ. ಕುರಿ ಎಂಬ ಮಾತು ಬರದೆ ಫೋನು ಇಟ್ಟರೆ ಆ ವಾರ ಉಸಿರಾಡುತ್ತಿದ್ದೆ. ಹೀಗೆ ನಾಲ್ಕು ತಿಂಗಳು ತಳ್ಳಿದೆ. ಹೆಂಡತಿ ಒಂದು ದಿನವೂ ನನ್ನನ್ನು ಹಂಗಿಸಲಿಲ್ಲ. ಅದೂ ನನಗೆ ಕಷ್ಟವೇ ಆಗಿತ್ತು.

ಐದನೆಯ ತಿಂಗಳು ಮಗಳು ಹೇಳದೆ ಕೇಳದೆ ಬಂದಳು. ಊಟಕ್ಕೆ ಕೂತಿದ್ದೆವು. ಮುದ್ದೆ ಮುರಿಯುತ್ತಲೇ ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ತಗಡಿನ ಹೊಸ ಶೆಡ್ಡು, ಒಳಗೆ ಮರದ ಗೋದಲಿ.

"ಅಪ್ಪಾ, ಶೆಡ್ ಆತು. ನಾಳೆ ಗಾಡಿ ಬರ್ತೈತೆ, ದೊಡ್ಡಪ್ಪನ ಹತ್ರ ಹೋಗಾಣ. ನನ್ನ ಕುರಿ ತಗಂಡೋಗ್ತೀನಿ. ಆ ಮನೇಲಿ ನಂದು ಅಂತ ಒಂದಾದ್ರೂ ಇರ್ಲಿ."

ಲೋಟ ಎತ್ತಿಕೊಂಡೆ. ನೀರು ಕುಡಿದೆ. ಹೆಂಡತಿ ಸಾರಿನ ಪಾತ್ರೆ ಹಿಡಿದು ಅಡುಗೆಮನೆಗೆ ಹೋದವಳು ಹೊರಗೆ ಬರಲಿಲ್ಲ.

"ಮಾರಿದೆ," ಎಂದೆ.

"ಯಾವುನ್ನ?"

"ಒಂಬತ್ತೂ."

ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ಕೆಲಸ ಹೋದದ್ದು, ಮಾತ್ರೆಯ ರೇಟು, ಅವಳ ಅಮ್ಮನ ಮಂಡಿ, ಅಂಚೆ ಕಚೇರಿ, ನಾವು ಹೋದ ಮೇಲೆ ಆ ಹಣ ಅವಳಿಗೇ ಎಂಬ ಮಾತು, ಎಲ್ಲ ಒದರಿದೆ. ಅವಳು ಅಳಲಿ, ಬಯ್ಯಲಿ ಎಂದು ಕಾಯುತ್ತಿದ್ದೆ. ಬಯ್ದಿದ್ದರೆ ನಾನೂ ರೇಗಿ ಪಾರಾಗುತ್ತಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡು, ಒಂದೇ ಮಾತು ಕೇಳಿದಳು.

"ತಮ್ಮಂದು ಎಷ್ಟು ಮಾರ್ದೆ?"

ಬಲಗಿವಿಯವುಗಳ ಕಡೆ ನಾನು ಅವತ್ತು ತಿರುಗಿಯೂ ನೋಡಿರಲಿಲ್ಲ. ನಾಳೆ ಹಾಸಿಗೆ ಹಿಡಿದರೆ ಮಗನ ಬಾಗಿಲಿಗೇ ಹೋಗಬೇಕು, ಅವನ ಮನಸ್ಸು ಮುರಿಯಬಾರದು ಎಂಬ ಹೆದರಿಕೆ ನನ್ನೊಳಗೆ ಕೂತಿತ್ತು. ಹೆದರಿದ್ದು ಅವನಿಗೆ, ಕೈ ಹಾಕಿದ್ದು ಇವಳದಕ್ಕೆ. ಅದು ನನಗೇ ಸರಿಯಾಗಿ ತಿಳಿದದ್ದು ಆ ಕ್ಷಣದಲ್ಲಿ.

"ಒಂದೂ ಇಲ್ಲ," ಎಂದೆ.

ಅವಳು ತಲೆಯಾಡಿಸಿದಳು. ಎಡಗೈಯಲ್ಲಿ ಫೋನೆತ್ತಿ ಗಂಡನಿಗೆ ಮಾಡಿದಳು. ನನ್ನ ಕೈ ತಟ್ಟೆಯಲ್ಲೇ ಒಣಗುತ್ತಿತ್ತು. ಮಾವ ಹೀಗೆ ಮಾಡಿದ ಎಂಬ ಮಾತು ಇನ್ನು ಮತ್ತೋಡಿನ ಮನೆಮನೆಗೆ ಮುಟ್ಟುತ್ತದೆ ಎಂದುಕೊಂಡೆ.

"ಗಾಡಿ ಬ್ಯಾಡ ಅಂತ ಹೇಳ್ಬಿಡ್ರಿ," ಎಂದಳು. "ಕುರಿಗೆ ರೋಗ ಬಂದಿತ್ತಂತೆ. ನನ್ನವು ಒಂದೂ ಉಳೀಲಿಲ್ಲಂತೆ. ಪಾಪ, ಅಪ್ಪ ಹೇಳಾಕೆ ಹೆದರ್ಕಂಡು ಸುಮ್ನಿದ್ದ."

ಫೋನು ಇಟ್ಟು, ಉಳಿದ ಮುದ್ದೆ ಮುಗಿಸಿ, ಎದ್ದು ಕೈ ತೊಳೆದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದಳು.

"ಅವರು ಕೇಳಿದ್ರೆ ನೀನೂ ಹಂಗೇ ಹೇಳು."