ಗ್ಯಾಸಣ್ಣನ ಮೂಗು

ಇಪ್ಪತ್ತಾರು ವರ್ಷ ಮನೆಮನೆಗೆ ಗ್ಯಾಸ್ ಪೈಪು ಎಳೆದು ಕೊಟ್ಟವನಿಗೆ, ಐವತ್ತೆರಡನೆಯ ವಯಸ್ಸಿನಲ್ಲಿ ಅದೇ ಪೈಪುಗಳ ಬಾಯಿ ಮುಚ್ಚುವ ಕೆಲಸ ಬಂತು. ಜನ ಅವನನ್ನು ಗ್ಯಾಸಣ್ಣ ಎಂದೇ ಕರೆಯುತ್ತಿದ್ದರು. ಕೆಲಸ ತಿರುಗುಮುರುಗಾದ ಮೇಲೂ ಹೆಸರು ಬದಲಾಗಲಿಲ್ಲ.

ಐದು ವರ್ಷದಲ್ಲಿ ತಾನು ಉಗುಳುವ ಇಂಗಾಲವನ್ನು ಅರ್ಧಕ್ಕೆ ಇಳಿಸುತ್ತೇನೆ ಎಂದು ನಗರ ಹಟ ತೊಟ್ಟಿತ್ತು. ಮೊದಲು ಬಸ್ಸುಗಳು ಕರೆಂಟಿಗೆ ಬಂದವು. ಆಮೇಲೆ ದೊಡ್ಡ ರಸ್ತೆಗಳ ಪಾರ್ಕಿಂಗ್ ಕಿತ್ತು ಸೈಕಲ್ಲಿನ ದಾರಿ ಮಾಡಿದರು, ಟ್ರಾಮಿನ ಹಳಿಗಾಗಿ ನೆಲ ಅಗೆದರು, ಆಸ್ಪತ್ರೆ ಶಾಲೆಗಳ ತಾರಸಿ ತುಂಬ ಸೋಲಾರ್ ಹಲಗೆ ಹಾಸಿದರು. ಕೊನೆಗೆ ಸರದಿ ಅಡುಗೆಮನೆಯದು. ಅಲ್ಲೊಂದು ತೊಡಕಿತ್ತು. ನೆಲದಡಿಯ ಹಳೆಯ ಪೈಪುಗಳು ಅಲ್ಲಲ್ಲಿ ಸೋರುತ್ತಿದ್ದವು. ಉರಿದು ಹೋಗುವ ಗ್ಯಾಸಿಗಿಂತ ಸೋರಿ ಹೋಗುವ ಗ್ಯಾಸು ಭೂಮಿಗೆ ಹೆಚ್ಚು ಕಾವು ಕೊಡುತ್ತದಂತೆ. ಬೀದಿಯಲ್ಲಿ ಒಂದೇ ಒಂದು ಮನೆ ಒಲ್ಲೆ ಎಂದರೂ ಅಷ್ಟುದ್ದದ ಪೈಪಿನಲ್ಲಿ ಗ್ಯಾಸು ಓಡುತ್ತಲೇ ಇರಬೇಕು. ಹಾಗಾಗಿ ಇಡೀ ಬೀದಿ ಒಟ್ಟಿಗೆ ಒಪ್ಪಬೇಕು. ಸಂಜೆಯಾದರೆ ಶಾಲೆಯ ಕೋಣೆಗಳಲ್ಲಿ ಸಭೆ. ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತು ದೊಡ್ಡವರು ಜಗಳವಾಡಿ, ನಕ್ಕು, ಕಡೆಗೆ ಸಹಿ ಹಾಕುತ್ತಿದ್ದರು.

ಸಹಿಯಾದ ಬೀದಿಗೆ ಇಬ್ಬರು ಹೋಗುತ್ತಿದ್ದರು. ಗ್ಯಾಸ್ ಮುಚ್ಚಲು ಇವನು, ಕರೆಂಟಿನ ಒಲೆ ಕೂರಿಸಲು ಒಬ್ಬ ಎಲೆಕ್ಟ್ರಿಷಿಯನ್ ಹೆಂಗಸು. ಬೀದಿಯ ಜನ ಅವಳಿಗೆ ಕರೆಂಟಕ್ಕ ಎಂದು ಹೆಸರಿಟ್ಟಿದ್ದರು. ಬಾಗಿಲು ತೆರೆದ ಕೂಡಲೇ ಅವಳ ಮಾತು ಶುರು.

"ಇವರು ಆರಿಸ್ತಾರೆ, ನಾನು ಹಚ್ತೀನಿ. ಹೆದರ್ಬೇಡಿ, ಒಲೆ ಮಾತ್ರ. ಜಗಳ ಹಚ್ಚೋಳಲ್ಲ."

ಆಮೇಲೆ ಜೇಬಿನಿಂದ ಅಯಸ್ಕಾಂತ ತೆಗೆದು ಪಾತ್ರೆಗಳ ತಳಕ್ಕೆ ಹಿಡಿಯುವಳು. ಅಂಟಿದ ಪಾತ್ರೆ ಹೊಸ ಒಲೆಗೆ ಆಗುತ್ತದೆ, ಅಂಟದ್ದು ಆಗದು. ಅಷ್ಟರಲ್ಲಿ ಇವನು ಮೀಟರಿನ ಪಕ್ಕದ ವಾಲ್ವ್ ತಿರುಗಿಸಿ, ಪೈಪು ಬಿಚ್ಚಿ, ಹಿತ್ತಾಳೆಯ ಮುಚ್ಚಳ ಬಿಗಿದು, ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೋ ಎಂದು ನೋಡುತ್ತಿದ್ದ. ಒಬ್ಬಾಕೆ ಹಾಲು ಉಕ್ಕುವ ತನಕ ತಡೆಯಿರಿ ಎಂದಳು. ಒಬ್ಬ ಮುದುಕ ನಿಮ್ಮ ಕೈ ಬಿದ್ದುಹೋಗಲಿ ಎಂದು ಶಪಿಸಿದ. ಇನ್ನೊಬ್ಬಳು ಕೊನೆಯ ನೀಲಿ ಉರಿಯ ಫೋಟೊ ತೆಗೆದುಕೊಂಡು ಅತ್ತಳು. ಗ್ಯಾಸಣ್ಣ ಎಲ್ಲರಿಗೂ ಒಂದೇ ದನಿಯಲ್ಲಿ "ಆಯ್ತು" ಎನ್ನುತ್ತಿದ್ದ. ಎಂಥ ತಾಳ್ಮೆ ಎಂದು ಜನ ಮೆಚ್ಚಿಕೊಂಡರು. ಅದು ತಾಳ್ಮೆಯಲ್ಲ. ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅವನ ಹೆಂಡತಿ ತಲೆಯೊಳಗಿನ ನರ ಒಡೆದು ಅರ್ಧ ದಿನದಲ್ಲಿ ಹೋಗಿಬಿಟ್ಟಿದ್ದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡು, ಅವನು "ಆಯ್ತು" ಎಂದಿದ್ದ. ಅಳು ಬರಲಿಲ್ಲ. ಮರುವಾರ ಮನೆಯಲ್ಲಿ ಹಾಲಿಟ್ಟು ಒಲೆಯ ಪಕ್ಕದಲ್ಲೇ ನಿಂತಿದ್ದ. ಪಕ್ಕದ ಮನೆಯವರು ಬಾಗಿಲು ದಬದಬ ಬಡಿದಾಗ ತಿರುಗಿ ನೋಡಿದರೆ ಪಾತ್ರೆ ಕರಕಲಾಗಿ ಮನೆಯೆಲ್ಲ ಹೊಗೆ. ಅವನಿಗೆ ವಾಸನೆಯೇ ಬಂದಿರಲಿಲ್ಲ. ಆಗ ಬಂದಿದ್ದ ಜ್ವರದಿಂದ ಇರಬಹುದು, ಮನಸ್ಸಿನ ಪೆಟ್ಟಿನಿಂದಲೂ ಇರಬಹುದು, ತಿರುಗಿ ಬಂದರೂ ಬರಬಹುದು ಎಂದರು ಡಾಕ್ಟರು.

ಗ್ಯಾಸಿನವನಿಗೆ ಮೂಗೇ ಹೋದರೆ ಇನ್ನೇನು ಉಳಿಯಿತು? ಅವನು ಯಾರಿಗೂ ಬಾಯಿ ಬಿಡಲಿಲ್ಲ. ಸೋರಿಕೆ ಕಂಡರೆ ಕಿರುಚುವ ಪುಟ್ಟ ಯಂತ್ರವನ್ನು ಕೊರಳಿಗೆ ನೇತುಹಾಕಿಕೊಂಡ. ಒಮ್ಮೆ ನೋಡಬೇಕಾದಲ್ಲಿ ಮೂರು ಸಲ ಸೋಪಿನ ನೀರು ಹಚ್ಚಿದ. ಕೆಲಸ ಸಾಗಿತು.

ವಾರ್ಡಿನ ಕೊನೆಯ ಬೀದಿಯಲ್ಲಿ ಅರವತ್ತೆರಡು ಮನೆ. ಅರವತ್ತೊಂದು ಒಪ್ಪಿದವು. ಒಪ್ಪದೆ ಉಳಿದವರು ಗ್ಯಾಸಣ್ಣನ ಮಾವ, ಸತ್ತ ಹೆಂಡತಿಯ ಅಪ್ಪ. ನಲವತ್ತು ವರ್ಷ ಹೋಟೆಲಿನಲ್ಲಿ ಅಡುಗೆ ಮಾಡಿ ರಿಟೈರ್ ಆದವರು.

"ನಿಮ್ಮ ಮಾವ ಅಂತಲ್ಲ? ನೀವೇ ಹೋಗಿ ಒಂದು ಮಾತು ಆಡಿ," ಎಂದರು ಮೇಲಿನ ಸಾಹೇಬರು.

ಹೆಂಡತಿ ಹೋದಮೇಲೆ ಅವನು ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ವ್ಯಾನು ನಿಲ್ಲಿಸಿ, ಕೊರಳಿನ ಯಂತ್ರ ತೆಗೆದು ಸೀಟಿನ ಮೇಲಿಟ್ಟ. ಮಾವನ ಮನೆಗೆ ಅದನ್ನು ಹಾಕಿಕೊಂಡು ಹೋದರೆ ಕೆಲಸಕ್ಕೆ ಬಂದವನ ಹಾಗೆ ಕಾಣುತ್ತದೆ ಎನಿಸಿತು. "ಐದು ನಿಮಿಷ ಬಿಟ್ಟು ಒಲೆ ತಗೊಂಡು ಬಾ," ಎಂದು ಕರೆಂಟಕ್ಕನಿಗೆ ಹೇಳಿ ಎರಡನೆಯ ಮಹಡಿಗೆ ಹೋದ.

ಟ್ರಾಮಿನ ಹಳಿಗೆ ಅಗೆಯುವ ಧೂಳಿಗೆ ಹೆದರಿ ಮಾವ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಅಡುಗೆಮನೆಯ ಮೇಜಿನ ಎದುರುಬದುರು ಕೂತರು.

"ಸೊರಗಿದ್ದೀಯ," ಎಂದರು ಮಾವ.

"ಇಲ್ಲ ಮಾವ, ಹಾಗೇ ಇದ್ದೀನಿ."

"ಉರಿ ನೋಡಿ ಅಡುಗೆ ಮಾಡಿದೋನಪ್ಪ ನಾನು. ಆ ಗಾಜಿನ ಹಲಗೆ ಮೇಲೆ ಏನು ನೋಡ್ಲಿ? ನನ್ನ ಮುಖಾನಾ?"

"ನಿಮ್ಮೊಂದು ಮನೆಗೋಸ್ಕರ ಇಡೀ ಬೀದಿ ಪೈಪು ಹಾಗೇ ಬಿಡ್ಬೇಕಾಗುತ್ತೆ."

"ಬಿಡಿ. ನಾನು ಹೋದ್ಮೇಲೆ ಮುಚ್ಕೊಳ್ಳಿ."

ಹೋದವಳ ಸುದ್ದಿಯನ್ನು ಇವನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ತಲೆ ಸ್ವಲ್ಪ ಭಾರವೆನಿಸಿತು, ನಿದ್ದೆಗೆಟ್ಟದ್ದಕ್ಕಿರಬೇಕು ಎಂದುಕೊಂಡ. ಮಾವ ಎದ್ದು, "ಟೀ ಮಾಡ್ತೀನಿ ತಾಳು," ಎಂದು ನೀರಿಟ್ಟು ಲೈಟರ್ ಕೈಗೆತ್ತಿಕೊಂಡರು.

"ಹಚ್ಚಬೇಡಿ!"

ಬಾಗಿಲಲ್ಲಿ ಕರೆಂಟಕ್ಕ. ಒಲೆಯ ಡಬ್ಬ ಅಲ್ಲೇ ಇಟ್ಟು ಒಳಗೆ ನುಗ್ಗಿ, ಮುದುಕರ ಕೈಯಿಂದ ಲೈಟರ್ ಕಿತ್ತುಕೊಂಡು, ರಟ್ಟೆ ಹಿಡಿದು ಹೊರಗೆಳೆದಳು. "ಯಾವ ಸ್ವಿಚ್ಚೂ ಮುಟ್ಟಬೇಡಿ!"

ಗ್ಯಾಸಣ್ಣನ ಕಾಲುಗಳು ತಾವಾಗಿ ಹೊರಗಿನ ಮೀಟರಿನ ಬಳಿ ಹೋದವು, ಕೈ ವಾಲ್ವ್ ತಿರುಗಿಸಿತು. ವಾಪಸು ಬಂದು ಕಿಟಕಿಗಳನ್ನೆಲ್ಲ ತೆರೆದ.

ಮೂವರೂ ಕೆಳಗಿಳಿದು ಮೆಟ್ಟಿಲ ಮೇಲೆ ಕೂತಾಗ ಕರೆಂಟಕ್ಕನಿಗೆ ಸಿಟ್ಟು ನೆತ್ತಿಗೇರಿತ್ತು. "ಇಬ್ಬರಿಗೂ ಮೂಗಿಲ್ವಾ? ಮೊದಲ ಮಹಡೀಲೇ ಗ್ಯಾಸು ನನ್ನ ಮೂಗಿಗೆ ಹೊಡೀತು!"

"ನನಗೆ ವಯಸ್ಸಾಯ್ತಮ್ಮ. ನಾಲ್ಕು ವರ್ಷದಿಂದ ಮಂದ," ಎಂದ ಮಾವ ಅಳಿಯನತ್ತ ತಿರುಗಿದರು. "ನಿನಗೇನಾಗಿದೆ?"

"ಅವಳು ಹೋದಾಗಿಂದ ಬರಲ್ಲ."

ಮಾವ ಅವನ ಭುಜ ಹಿಡಿದು ತಮ್ಮತ್ತ ತಿರುಗಿಸಿಕೊಂಡರು. "ಹೇಳೋದಲ್ವೇನೋ?"

"ಯಾರಿಗೆ ಹೇಳ್ಲಿ ಮಾವ?"

ಗಾಳಿಯಾಡಿದ ಮೇಲೆ ಯಂತ್ರ ಹಿಡಿದು ಒಳಗೆ ಹೋಗಿ ನೋಡಿದ. ಒಲೆಯ ಹಿಂದಿನ ರಬ್ಬರ್ ಟ್ಯೂಬು ಸೀಳಿತ್ತು. ಆ ಟ್ಯೂಬನ್ನು ಕಾಲಕಾಲಕ್ಕೆ ಬದಲಾಯಿಸುತ್ತಿದ್ದವನು ಅವನೇ. ಹೆಂಡತಿ ನೆನಪಿಸುವಳು, ಅವನು ಬಂದು ಹಾಕಿ ಹೋಗುವನು. ಎರಡು ವರ್ಷದಿಂದ ನೆನಪಿಸುವವಳಿರಲಿಲ್ಲ. ಟ್ಯೂಬನ್ನು ಕೈಯಲ್ಲಿ ಹಿಡಿದು, ಎದೆಯೊಳಗೆ ಏನಾದರೂ ಆಗುತ್ತದೆಯೋ ಎಂದು ಕಾದ. ಆಗಲಿಲ್ಲ. ಕಸದ ಬುಟ್ಟಿಗೆ ಹಾಕಿದ.

"ಮೂಗು ನಂಬ್ಕೊಂಡು ಈ ಒಲೆ ಇಟ್ಕೊಂಡಿದ್ದೆ," ಎಂದರು ಮಾವ ಹಿಂದಿನಿಂದ. "ಅದೇ ಕೈ ಕೊಟ್ಟಿತಲ್ಲ. ಎಲ್ಲಿ ಸಹಿ ಹಾಕ್ಬೇಕು?"

ಮರುದಿನ ಗ್ಯಾಸಣ್ಣ ಸಾಹೇಬರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದ. ಅವರ ಮುಖ ಬಿಳಿಚಿಕೊಂಡಿತು.

"ಎರಡು ವರ್ಷ! ಎಷ್ಟು ಮನೇರೀ?"

"ಸಾವಿರದ ಮುನ್ನೂರು ಇರಬಹುದು."

"ಏನಾದ್ರೂ ಆಗಿದ್ರೆ?"

ಅವನು ಕೊರಳಿನ ಯಂತ್ರ ತೆಗೆದು ಮೇಜಿನ ಮೇಲಿಟ್ಟ. ಅವನನ್ನು ಗ್ಯಾಸಿನ ಕೆಲಸದಿಂದ ತೆಗೆದು ಕೈಗೆ ನೋಟಿಸು ಕೊಟ್ಟರು. ಬೇರೆ ಇಬ್ಬರು ಮೂರು ತಿಂಗಳು ಆ ಮನೆಗಳನ್ನೆಲ್ಲ ಮತ್ತೆ ತಪಾಸಣೆ ಮಾಡಿದರು. ಒಂದು ಮುಚ್ಚಳವೂ ಸೋರುತ್ತಿರಲಿಲ್ಲ. ಅದು ತಿಳಿದ ದಿನ ಕರೆಂಟಕ್ಕ ಫೋನ್ ಮಾಡಿ ಅತ್ತಳು, ಬೈದಳು, ಮತ್ತೆ ಅತ್ತಳು. ಇವನು ಕೇಳಿಸಿಕೊಂಡ. ಕೆಲಸದಿಂದ ಪೂರ್ತಿ ತೆಗೆಯಲಿಲ್ಲ. ಹೊರಗಿನ ಗಾಳಿಯಲ್ಲಿರುವ ಶಾಖ ಎಳೆದು ನೀರು ಕಾಯಿಸುವ ಹೊಸ ಯಂತ್ರಗಳ ರಿಪೇರಿ ಕಲಿಯಲು ಕಳಿಸಿದರು. ಐವತ್ತನಾಲ್ಕಕ್ಕೆ ಅವನು ಮತ್ತೆ ವಿದ್ಯಾರ್ಥಿಯಾದ. ವೈರಿಂಗ್ ಪಾಠಕ್ಕೆ ಮೇಷ್ಟ್ರಾಗಿ ಬಂದವಳು ಕರೆಂಟಕ್ಕ. ತಪ್ಪು ಮಾಡಿದರೆ ಎಲ್ಲರೆದುರು ಗದರುತ್ತಿದ್ದಳು.

ಕೊನೆಯ ಬೀದಿಯ ದೊಡ್ಡ ವಾಲ್ವ್ ಮುಚ್ಚಿದ ದಿನ ಅವನೂ ಜನರ ನಡುವೆ ನಿಂತು ನೋಡಿದ. ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಗೆ ಇಳಿಯಿತು. ಚಪ್ಪಾಳೆ ತಟ್ಟಿದರು, ಇವನೂ ತಟ್ಟಿದ. ಆರು ತಿಂಗಳ ಮೇಲೆ, ನಗರದ ಇಂಗಾಲ ಮೂರನೇ ಒಂದು ಭಾಗ ಇಳಿದಿದೆ ಎಂದು ಟ್ರಾಮಿನ ನಿಲ್ದಾಣದಲ್ಲಿ ಬೋರ್ಡು ಹಾಕಿದ್ದರು. ಓದಿದ. ಟ್ರಾಮು ಬಂತು, ಹತ್ತಿದ.

ಈಗ ವಾರಕ್ಕೊಮ್ಮೆ ಮಾವನ ಮನೆಯಲ್ಲಿ ಊಟ. ಮುದುಕರು ನೀರಿನ ಸದ್ದು ಕೇಳಿಯೇ ಕಾವು ಎಷ್ಟೆಂದು ಹೇಳುವುದನ್ನು ಕಲಿತಿದ್ದಾರೆ. ಆದರೂ ಗಾಜಿನ ಹಲಗೆಯನ್ನು ಬೈಯದೆ ಒಂದು ದಿನವೂ ಅಡುಗೆ ಮಾಡುವುದಿಲ್ಲ.

ಮೊನ್ನೆ ತಟ್ಟೆಗೆ ಬಡಿಸಿ ಕೇಳಿದರು, "ಸಾರಿಗೆ ಇಂಗು ಸಾಕಾ?"

"ಗೊತ್ತಾಗಲ್ಲ ಮಾವ."

"ನನಗೂ ಗೊತ್ತಾಗಲ್ಲ. ಇರು." ಹೋಗಿ ಪಕ್ಕದ ಮನೆಯ ಟೀಚರನ್ನು ಕರೆದುಕೊಂಡು ಬಂದರು. ಆಕೆ ನಿಂತಲ್ಲೇ ಒಂದು ಚಮಚ ಬಾಯಿಗಿಟ್ಟು ಮುಖ ಹಿಂಡಿದಳು. "ಇಂಗೇ ಹಾಕಿಲ್ಲ ನೀವು!"

ಮಾವ ಗೊಣಗುತ್ತ ಇಂಗಿನ ಡಬ್ಬ ಹುಡುಕತೊಡಗಿದರು. ಗ್ಯಾಸಣ್ಣ ಎದ್ದು ಟೀಚರಿಗೂ ಒಂದು ತಟ್ಟೆ ಹಾಕಿದ.